ತಣ್ಣಗಿಡುವ ಯಂತ್ರಕ್ಕೂ ಬೇಕು ಬಿಡುವು

(ತುಬಚಿಯ ಸದಸ್ಯರ ತಿಳಿವಳಿಕೆ ಸಭೆಯಲ್ಲಿ ಒಕ್ಕೂಟದ ಯಂತ್ರ ವಿಭಾಗದ ಸಿಬ್ಬಂದಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಹಿಂದೊಮ್ಮೆ ಈ ಭಾಗದ ಸದಸ್ಯರನ್ನು ಡೇರಿ ತೋರಿಸಲು ಕರೆದುಕೊಂಡು ಹೋಗಿದ್ದೆವು. ಪ್ಯಾಕೆಟ್ ಹಾಲು ಇಡುವ ಶೀತಲ ಕೋಣೆಯ ಬಾಗಿಲಲ್ಲಿ ಒಬ್ಬ ಹಿರಿಯರು ನಿಂತುಬಿಟ್ಟರು. ಒಳಗೆ ಫ್ಯಾನು ತಿರುಗುತ್ತಿತ್ತು. ಕಂಪ್ರೆಸರ್ ಮಾತ್ರ ನಿಂತಿತ್ತು. ಮೇಲಿನ ಕಾಯಿಲ್‌ನಿಂದ ತಟ ತಟ ನೀರು ಬೀಳುತ್ತಿತ್ತು. ಅವರು ನನ್ನನ್ನು ಕರೆದು, "ಸಾಹೇಬ್ರ, ಕರೆಂಟ್ ಐತಿ, ಮಷೀನ ನಿಂತೈತಿ, ಮ್ಯಾಲಿಂದ ನೀರ ಸೋರಾಕತ್ತೈತಿ. ಕೆಟ್ಟೈತೇನ್ರಿ? ನಮ್ಮ ಹಾಲಿನ ಗತಿ ಏನ್ರಿ?" ಎಂದು ಕೇಳಿದರು.

ಕೆಟ್ಟಿರಲಿಲ್ಲ. ಯಂತ್ರ ತನ್ನ ಮೈಮೇಲೆ ಕಟ್ಟಿದ ಹಿಮವನ್ನು ತಾನೇ ಕರಗಿಸಿಕೊಳ್ಳುತ್ತಿತ್ತು. ಇದಕ್ಕೆ ಡಿಫ್ರಾಸ್ಟ್ ಎನ್ನುತ್ತಾರೆ. ಆ ದಿನ ಗಡಿಬಿಡಿಯಲ್ಲಿ ಅವರಿಗೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಂದೆ ಹೋದೆ. ಪ್ರಶ್ನೆ ದೊಡ್ಡದಿತ್ತು, ಉತ್ತರ ಸಣ್ಣದಾಯಿತು ಎಂದು ಆಮೇಲೆ ಅನಿಸಿತು. ಇವತ್ತು ಅದನ್ನು ಪೂರ್ತಿ ಹೇಳುತ್ತೇನೆ.

ತಂಪು ಎಂದರೆ ದುಡ್ಡು

ಕೆಚ್ಚಲಿನಿಂದ ಬಂದ ಹಾಲು ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಸೂಕ್ಷ್ಮಾಣು ಜೀವಿಗಳು ಬೆಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಆ ಬಿಸಿಯಲ್ಲಿ ಕೆಲವು ಜಾತಿಯವು ಅರ್ಧ ತಾಸಿಗೊಮ್ಮೆ, ಅದಕ್ಕಿಂತಲೂ ಬೇಗ, ಇಮ್ಮಡಿಯಾಗುತ್ತವೆ. ಅರ್ಧ ತಾಸಿನ ಲೆಕ್ಕ ಹಿಡಿದರೂ ಒಂದು ಇದ್ದದ್ದು 5 ತಾಸಿನಲ್ಲಿ 1024 ಆಗುತ್ತದೆ. ಕರೆದ ಹಾಲಿಗೆ ಮೊದಲ ಎರಡು ಮೂರು ತಾಸು ಅವುಗಳನ್ನು ತಡೆದು ನಿಲ್ಲಿಸುವ ಸ್ವಂತ ಶಕ್ತಿ ಸ್ವಲ್ಪ ಇರುತ್ತದೆ. ಬಳಿಕ ಅದೂ ಇಲ್ಲ. ಹಾಲನ್ನು 4 ಡಿಗ್ರಿಗೆ ಇಳಿಸಿದರೆ ಅವು ಸಾಯುವುದಿಲ್ಲ, ಆದರೆ ಅವುಗಳ ಬೆಳವಣಿಗೆ ಬಹಳ ಮಂದವಾಗುತ್ತದೆ. ಆದ್ದರಿಂದಲೇ ನಿಮ್ಮ ಊರಿನ ಹಾಲು ಕ್ಯಾನಿನಲ್ಲಿ ಶೀತಲೀಕರಣ ಕೇಂದ್ರಕ್ಕೆ ಹೋಗಲಿ, ಬಲ್ಕ್ ಮಿಲ್ಕ್ ಕೂಲರಿಗೆ ಬೀಳಲಿ, ಆದಷ್ಟು ಬೇಗ 4 ಡಿಗ್ರಿ ಮುಟ್ಟಬೇಕು ಎನ್ನುವುದು ನಮ್ಮ ನಿಯಮ. ಅಲ್ಲಿ ಮಾಡಿದ ತಡ ಹಾಲು ಹುಳಿಯಾದಾಗ ಕಾಣುತ್ತದೆ. ನಷ್ಟ ಒಕ್ಕೂಟದ ಲೆಕ್ಕದಲ್ಲಿ ಬರೆದರೂ ಕೊನೆಗೆ ಅದು ಮುಟ್ಟುವುದು ನಿಮ್ಮ ದರಕ್ಕೆ ಮತ್ತು ಬೋನಸ್ಸಿಗೆ.

ಯಂತ್ರ ತಂಪನ್ನು ಹುಟ್ಟಿಸುವುದಿಲ್ಲ

ಬಹಳ ಜನ ತಿಳಿದಿರುವಂತೆ ಈ ಯಂತ್ರ ತಂಪನ್ನು ತಯಾರಿಸುವುದಿಲ್ಲ. ಅದು ಶಾಖವನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಸುರಿಯುತ್ತದೆ. ಬಾವಿಯ ನೀರನ್ನು ಪಂಪು ಮೇಲೆ ಎತ್ತಿದ ಹಾಗೆ, ಇದು ಶಾಖದ ಪಂಪು.

ದನದ ಡಾಕ್ಟರು ಸೂಜಿ ಚುಚ್ಚುವ ಮುಂಚೆ ಸ್ಪಿರಿಟ್ ಒರೆಸುತ್ತಾರೆ. ಅದು ನಿಮ್ಮ ಅಂಗೈಗೆ ಬಿದ್ದರೆ ತಣ್ಣಗಾಗುತ್ತದಲ್ಲವೆ? ಸ್ಪಿರಿಟ್ ಆರುವಾಗ ಕೈಯ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಯಂತ್ರದ ಕೊಳವೆಯೊಳಗೆ ಬಹಳ ಕಡಿಮೆ ಬಿಸಿಯಲ್ಲಿಯೇ ಆವಿಯಾಗುವ ಒಂದು ದ್ರವ ಇರುತ್ತದೆ. ನಾವು ಅದಕ್ಕೆ ಗ್ಯಾಸು ಎನ್ನುತ್ತೇವೆ. ಹಾಲಿನ ಪಕ್ಕದ ಕೊಳವೆಯಲ್ಲಿ ಅದು ಆವಿಯಾಗುತ್ತ ಹಾಲಿನ ಶಾಖವನ್ನು ಕುಡಿಯುತ್ತದೆ. ಆ ಆವಿಯನ್ನು ಕಂಪ್ರೆಸರ್ ಎಳೆದುಕೊಂಡು ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವಂತೆ, ಒತ್ತಿದ ಆವಿ ಸುಡುವಷ್ಟು ಬಿಸಿಯಾಗುತ್ತದೆ. ಹೊರಗಿನ ಕಂಡೆನ್ಸರಿನಲ್ಲಿ ಆ ಶಾಖವನ್ನು ಗಾಳಿಗೆ ಬಿಟ್ಟು ಅದು ಮತ್ತೆ ದ್ರವವಾಗುತ್ತದೆ. ಒಂದು ಸಣ್ಣ ರಂಧ್ರದ ಮೂಲಕ ಹಾಯ್ದು ಒತ್ತಡ ಕಳೆದುಕೊಂಡು, ತಣ್ಣಗಾಗಿ, ಮತ್ತೆ ಹಾಲಿನ ಬಳಿ ಬರುತ್ತದೆ. ಇಷ್ಟೇ ಅದರ ಸುತ್ತು.

ಲೆಕ್ಕ ಹೇಳುತ್ತೇನೆ. 1000 ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಸುಮಾರು 35 ಯೂನಿಟ್ ಕರೆಂಟಿಗೆ ಸಮನಾದ ಶಾಖವನ್ನು ತೆಗೆಯಬೇಕು. ಯಂತ್ರ ಚೆನ್ನಾಗಿದ್ದರೆ ಅದಕ್ಕೆ 12ರಿಂದ 15 ಯೂನಿಟ್ ಸಾಕಾಗುತ್ತದೆ. ಶಾಖವನ್ನು ಸುಟ್ಟು ಹುಟ್ಟಿಸುವುದಕ್ಕಿಂತ ಹೊತ್ತು ಸಾಗಿಸುವುದು ಅಗ್ಗ. ಆ ಹೊರಬರುವ ಶಾಖದಿಂದಲೇ ಕ್ಯಾನು, ಟ್ಯಾಂಕು ತೊಳೆಯುವ ನೀರನ್ನು ಕಾಯಿಸಿಕೊಳ್ಳುವ ವ್ಯವಸ್ಥೆಯೂ ಈಗ ಬಂದಿದೆ.

ಹಿಮದ ಕೌದಿ

ಈಗ ಹಿಮದ ಮಾತಿಗೆ ಬರೋಣ. ಚಳಿಗಾಲದಲ್ಲಿ ನಮ್ಮ ಹೆಣ್ಣುಮಕ್ಕಳು ಕಡಲೆ ಹೊಲದಲ್ಲಿ ರಾತ್ರಿ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಹುಳಿ ಹಿಡಿಯುತ್ತಾರೆ. ಬಟ್ಟೆಯನ್ನು ತೋಯಿಸಿದ ನೀರು ಎಲ್ಲಿಂದ ಬಂತು? ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಿನ ಆವಿ ಇರುತ್ತದೆ. ತಣ್ಣಗಿನ ವಸ್ತು ತಾಗಿದಾಗ ಅದು ಇಬ್ಬನಿಯಾಗುತ್ತದೆ. ಆ ವಸ್ತು ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೆ ಇಬ್ಬನಿಯ ಬದಲು ಹಿಮ ಕಟ್ಟುತ್ತದೆ. ನಮ್ಮ ಹೊಲಗಳಲ್ಲಿ ಅಷ್ಟು ಚಳಿ ಇಲ್ಲ. ಆದರೆ ಶೀತಲ ಕೋಣೆಯ ಗಾಳಿ 4 ಡಿಗ್ರಿ ಇರಬೇಕಾದರೆ ಕಾಯಿಲ್ ಅದಕ್ಕಿಂತ ತಣ್ಣಗೆ, ಸೊನ್ನೆಯ ಕೆಳಗೆ ಇರಬೇಕಾಗುತ್ತದೆ. ಬಾಗಿಲು ತೆರೆದಾಗಲೆಲ್ಲ ಹೊರಗಿನ ತೇವದ ಗಾಳಿ ಒಳಗೆ ನುಗ್ಗುತ್ತದೆ. ಅದರ ನೀರೆಲ್ಲ ಕಾಯಿಲ್ ಮೇಲೆ ಬಿಳಿ ಹಿಮವಾಗಿ ಕೂಡುತ್ತದೆ.

"ಹಿಮ ಅಂದ್ರ ತಂಪಲ್ಲೇನ್ರಿ, ಕಟ್ಟಿದ್ರ ಒಳ್ಳೇದಲ್ಲೇನ್ರಿ" ಎಂದು ಕೆಲವರು ಕೇಳುತ್ತಾರೆ. ಇಲ್ಲಿಯೇ ಎಲ್ಲರೂ ತಪ್ಪುವುದು. ಕಾಯಿಲ್ ಮೇಲಿನ ಹಿಮ ಗಟ್ಟಿ ಬರ್ಫವಲ್ಲ. ಅರಳೆಯ ಹಾಗೆ ಒಳಗೆ ಗಾಳಿ ತುಂಬಿಕೊಂಡಿರುತ್ತದೆ. ಕೌದಿ ಹೊದ್ದರೆ ನಮಗೆ ಬೆಚ್ಚಗಾಗುವುದು ಕೌದಿಯಲ್ಲಿ ಬೆಂಕಿ ಇರುವುದರಿಂದಲ್ಲ, ಒಳಗಿನ ಶಾಖ ಹೊರಗೆ ಹೋಗದ ಹಾಗೆ ಅದು ತಡೆಯುವುದರಿಂದ. ಹಾಗೆಯೇ ಹಿಮದ ಕೌದಿ ಹೊದ್ದ ಕಾಯಿಲ್‌ಗೆ ಕೋಣೆಯ ಶಾಖ ಮುಟ್ಟುವುದಿಲ್ಲ. ಅದರ ರೆಕ್ಕೆಗಳ ನಡುವಿನ ಸಂದು ಮುಚ್ಚಿ ಫ್ಯಾನಿನ ಗಾಳಿಯೂ ಹಾಯುವುದಿಲ್ಲ. ಕಂಪ್ರೆಸರ್ ಓಡುತ್ತದೆ, ಮೀಟರು ತಿರುಗುತ್ತದೆ, ಕೋಣೆ ಮಾತ್ರ ಬಿಸಿಯಾಗುತ್ತ ಹೋಗುತ್ತದೆ.

ಕರಗಿಸುವ ದಾರಿಗಳು

ಆದ್ದರಿಂದ ಯಂತ್ರ ಆಗಾಗ ನಿಂತು ಈ ಕೌದಿಯನ್ನು ತೆಗೆದುಹಾಕಬೇಕು. ಇದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಗಾಳಿಯಿಂದ. ಕೋಣೆ 4 ಡಿಗ್ರಿಯಷ್ಟು ಇದ್ದರೆ ಕಂಪ್ರೆಸರ್ ನಿಲ್ಲಿಸಿ ಫ್ಯಾನು ಮಾತ್ರ ಓಡಿಸಿದರೆ ಸಾಕು. ಸೊನ್ನೆಗಿಂತ ಮೇಲಿರುವ ಆ ಗಾಳಿಯೇ ಹಿಮವನ್ನು ಕರಗಿಸುತ್ತದೆ. ನಮ್ಮ ಹಿರಿಯರು ಬಾಗಿಲಲ್ಲಿ ನಿಂತು ಕಂಡದ್ದು ಇದನ್ನೇ. ಎರಡನೆಯದು ಹೀಟರಿನಿಂದ. ಐಸ್‌ಕ್ರೀಮ್ ಇಡುವ ಕೋಣೆ ಸೊನ್ನೆಗಿಂತ ಬಹಳ ಕೆಳಗಿರುತ್ತದೆ, ಅಲ್ಲಿಯ ಗಾಳಿಯಿಂದ ಹಿಮ ಕರಗುವುದಿಲ್ಲ. ಅಲ್ಲಿ ಫ್ಯಾನು ನಿಲ್ಲಿಸಿ ಕಾಯಿಲ್‌ಗೆ ಸೇರಿಸಿದ ವಿದ್ಯುತ್ ಹೀಟರನ್ನು ಹಚ್ಚುತ್ತಾರೆ. ಮನೆಯಲ್ಲಿಡುವ ಎರಡು ಬಾಗಿಲಿನ ಫ್ರಿಜ್ಜಿನಲ್ಲಿಯೂ ಇದೇ ಪದ್ಧತಿ. ಮೂರನೆಯದು ಬಿಸಿ ಗ್ಯಾಸಿನಿಂದ. ಕಂಪ್ರೆಸರಿನಿಂದ ಹೊರಬಂದ ಬಿಸಿ ಆವಿಯನ್ನು ಕಂಡೆನ್ಸರಿಗೆ ಕಳಿಸದೆ ನೇರವಾಗಿ ಹಿಮಗಟ್ಟಿದ ಕಾಯಿಲ್‌ನೊಳಗೆ ಬಿಡುವುದು. ಒಳಗಿನಿಂದ ಬಿಸಿ ತಾಗಿ ಹಿಮ ಬೇಗ ಕಳಚಿಕೊಳ್ಳುತ್ತದೆ.

ಯಾವ ದಾರಿಯಾದರೂ ಯಂತ್ರಕ್ಕೆ ಎರಡು ತಿಳಿವಳಿಕೆ ಬೇಕು: ಯಾವಾಗ ಶುರು ಮಾಡಬೇಕು, ಯಾವಾಗ ಮುಗಿಸಬೇಕು. ಶುರು ಮಾಡುವುದಕ್ಕೆ ಸಾಮಾನ್ಯವಾಗಿ ಒಂದು ಟೈಮರ್ ಇರುತ್ತದೆ. ಇಷ್ಟು ತಾಸು ಓಡಿದ ಮೇಲೆ ಒಮ್ಮೆ ಎಂದು ಅದು ಎಣಿಸುತ್ತದೆ. ಮುಗಿಸುವುದಕ್ಕೆ ಹೀಟರ್ ಇದ್ದಲ್ಲಿ ಕಾಯಿಲ್‌ಗೆ ತಾಗಿಸಿದ ಥರ್ಮೋಸ್ಟಾಟ್ ಇರುತ್ತದೆ. ಹಿಮ ಇರುವವರೆಗೆ ಕಾಯಿಲ್ ಸೊನ್ನೆಯ ಆಸುಪಾಸಿನಲ್ಲಿಯೇ ನಿಂತಿರುತ್ತದೆ, ಏಕೆಂದರೆ ಕೊಟ್ಟ ಶಾಖವೆಲ್ಲ ಹಿಮ ಕರಗುವುದಕ್ಕೇ ಖರ್ಚಾಗುತ್ತದೆ. ಹಿಮ ಮುಗಿಯಿತೋ, ಕಾಯಿಲ್ ಬಿಸಿಯಾಗತೊಡಗುತ್ತದೆ. ಆ ಏರಿಕೆಯೇ "ಕೆಲಸ ಮುಗಿಯಿತು" ಎನ್ನುವ ಸೂಚನೆ. ಥರ್ಮೋಸ್ಟಾಟ್ ಅದನ್ನು ಕಂಡು ಹೀಟರ್ ಕಡಿದುಹಾಕುತ್ತದೆ.

ದಿಕ್ಕು ಬದಲಿಸುವ ಯಂತ್ರ

ಇದೇ ಜಾಣತನ ಇನ್ನೂ ಚೆನ್ನಾಗಿ ಕಾಣುವುದು ಚಳಿ ದೇಶಗಳ ಹೀಟ್ ಪಂಪಿನಲ್ಲಿ. ನಿಮ್ಮಲ್ಲಿ ಕೆಲವರ ಮಕ್ಕಳು, ಮೊಮ್ಮಕ್ಕಳು ಅಮೆರಿಕ, ಇಂಗ್ಲೆಂಡ್ ಕಡೆ ಇರಬಹುದು. ಅಲ್ಲಿಯ ಎಷ್ಟೋ ಮನೆಗಳ ಹೊರಗೆ ಇಂಥ ಪೆಟ್ಟಿಗೆ ಇರುತ್ತದೆ. ನಾವು ಹಾಲಿನಿಂದ ಶಾಖ ತೆಗೆದು ಹೊರಗೆ ಚೆಲ್ಲುತ್ತೇವೆ. ಅವರು ಹೊರಗಿನ ತಣ್ಣನೆಯ ಗಾಳಿಯಿಂದಲೇ ಶಾಖ ಎತ್ತಿ ಮನೆಯೊಳಗೆ ತುಂಬುತ್ತಾರೆ. ತಣ್ಣನೆಯ ಗಾಳಿಯಲ್ಲಿ ಶಾಖ ಎಲ್ಲಿಂದ ಎನ್ನಬೇಡಿ. ಗ್ಯಾಸು ಆ ಗಾಳಿಗಿಂತಲೂ ತಣ್ಣಗಿದ್ದರೆ ಗಾಳಿಯಿಂದ ಗ್ಯಾಸಿಗೆ ಶಾಖ ಹರಿದೇ ಹರಿಯುತ್ತದೆ. ಯಂತ್ರ ಅದೇ, ಕೆಲಸ ತಿರುವುಮುರುವು.

ಅಲ್ಲಿ ಹೊರಗಿನ ಕಾಯಿಲ್ ಗಾಳಿಗಿಂತ ತಣ್ಣಗಿರುವುದರಿಂದ, ಹೊರಗೆ 3-4 ಡಿಗ್ರಿ ಇದ್ದಾಗಲೇ ಅದು ಸೊನ್ನೆಯ ಕೆಳಗೆ ಇಳಿದು ಹಿಮ ಕಟ್ಟಿಸಿಕೊಳ್ಳುತ್ತದೆ. ಗಾಳಿ ತೇವವಾಗಿದ್ದು ಬಿಸಿ ಸೊನ್ನೆಯ ಹತ್ತಿರ ಇದ್ದ ದಿನ ತೊಂದರೆ ಹೆಚ್ಚು. ಕಡು ಚಳಿಯ ಒಣ ಗಾಳಿಯಲ್ಲಿ ನೀರಿನ ಅಂಶವೇ ಕಡಿಮೆಯಾದ್ದರಿಂದ ಹಿಮವೂ ಕಡಿಮೆ.

ಆಗ ಯಂತ್ರ ಮಾಡುವ ಕೆಲಸ ಕೇಳಿ. ಹೊರಗಿನ ಕಾಯಿಲ್ ಸೊನ್ನೆಯ ಕೆಳಗೆ ಇಳಿದಿದೆಯೆ ಎಂದು ಒಂದು ಸೆನ್ಸರ್ ನೋಡುತ್ತದೆ. ಆ ಸ್ಥಿತಿಯಲ್ಲಿ 30, 60 ಅಥವಾ 90 ನಿಮಿಷ, ಹೇಗೆ ಹೊಂದಿಸಿದ್ದಾರೋ ಹಾಗೆ, ಓಡಿದೆಯೆ ಎಂದು ಟೈಮರ್ ಎಣಿಸುತ್ತದೆ. ಎರಡೂ ಹೌದು ಎಂದಾಗ ನಾಲ್ಕು ಬಾಯಿಯ ಒಂದು ವಾಲ್ವು ಉಸ್ಸೆಂದು ಹೊರಳಿ ಗ್ಯಾಸಿನ ದಿಕ್ಕನ್ನೇ ಬದಲಿಸುತ್ತದೆ. ಹೊಲದಲ್ಲಿ ಒಂದು ಕಾಲುವೆಗೆ ಮಣ್ಣು ಹಾಕಿ ಇನ್ನೊಂದಕ್ಕೆ ನೀರು ತಿರುವಿದ ಹಾಗೆ. ಮನೆಗೆ ಹೋಗುತ್ತಿದ್ದ ಬಿಸಿ ಗ್ಯಾಸು ಈಗ ಹೊರಗಿನ ಕಾಯಿಲ್‌ಗೆ ಬರುತ್ತದೆ. ಹೊರಗಿನ ಫ್ಯಾನು ನಿಲ್ಲುತ್ತದೆ, ಅದು ತಿರುಗಿದರೆ ಆ ಬಿಸಿಯನ್ನು ಗಾಳಿಗೆ ಚೆಲ್ಲಿಬಿಡುತ್ತದೆ. ಹಿಮ ಕರಗಿ ನೀರು ಸುರಿಯುತ್ತದೆ, ಪೆಟ್ಟಿಗೆಯಿಂದ ಬಿಳಿ ಹಬೆ ಏಳುತ್ತದೆ. ಹೊಸದಾಗಿ ಅಲ್ಲಿಗೆ ಹೋದವರು ಬೆಂಕಿ ಹತ್ತಿತೆಂದು ಹೆದರುವುದುಂಟು. ಈ ಕೆಲವು ನಿಮಿಷ ಯಂತ್ರ ಮನೆಯ ಶಾಖವನ್ನೇ ಸಾಲ ತೆಗೆದು ಹೊರಗೆ ಕೊಡುತ್ತಿರುತ್ತದೆ. ಒಳಗೆ ಚಳಿಯಾಗದಂತೆ ಅನೇಕ ಕಡೆ ಒಂದು ಹೀಟರ್ ಆಸರೆಗೆ ನಿಲ್ಲುತ್ತದೆ. ಕಾಯಿಲ್ ಸಾಕಷ್ಟು ಬಿಸಿಯಾದ ಕೂಡಲೆ, ಅಥವಾ ಹೆಚ್ಚೆಂದರೆ ಸುಮಾರು 10 ನಿಮಿಷವಾದ ಕೂಡಲೆ, ವಾಲ್ವು ಮತ್ತೆ ಹೊರಳಿ ಮೊದಲಿನ ಕೆಲಸ ಶುರುವಾಗುತ್ತದೆ.

ಇನ್ನೂ ಹೊಸ ಯಂತ್ರಗಳು ಬರೀ ಗಡಿಯಾರ ನೋಡಿ ಕರಗಿಸುವುದಿಲ್ಲ. ಗಾಳಿಗೂ ಕಾಯಿಲ್‌ಗೂ ಇರುವ ಬಿಸಿಯ ಅಂತರವನ್ನು ನೋಡುತ್ತಿರುತ್ತವೆ. ಅಂತರ ಹೆಚ್ಚಿತೆಂದರೆ ಹಿಮ ಕಟ್ಟಿದೆ ಎಂದು ತಿಳಿದು ಆಗ ಮಾತ್ರ ಕರಗಿಸುತ್ತವೆ. ಏಕೆಂದರೆ ಬೇಡದಿದ್ದಾಗ ಕರಗಿಸುವುದೂ ಖರ್ಚೇ.

ನಾನು ಮಾಡಿದ ತಪ್ಪು

ಇಷ್ಟೆಲ್ಲ ಪುಸ್ತಕದ ಮಾತಿನಂತೆ ಹೇಳುತ್ತಿರುವ ನಾನು ಇದನ್ನು ಕಲಿತದ್ದು ನಷ್ಟ ಮಾಡಿ. ಆಗ ನಾನು ಬೇರೆ ಊರಿನ ಒಂದು ಡೇರಿಯಲ್ಲಿ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಏಪ್ರಿಲ್ ತಿಂಗಳು. ಶೀತಲ ಕೋಣೆ 7 ಡಿಗ್ರಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ನಾನು ಕಾಗದ ಹಿಡಿದು ಲೆಕ್ಕ ಹಾಕಿದೆ. ದಿನಕ್ಕೆ ಆರು ಸಲ ಡಿಫ್ರಾಸ್ಟ್, ಒಂದೊಂದಕ್ಕೆ 20 ನಿಮಿಷ. ದಿನಕ್ಕೆ ಎರಡು ತಾಸು ಯಂತ್ರ ಸುಮ್ಮನೆ ನಿಲ್ಲುತ್ತಿದೆ. ಈ ಎರಡು ತಾಸು ಉಳಿಸಿದರೆ ಕೋಣೆ ತಣ್ಣಗಾಗುತ್ತದೆ ಎಂದು ಟೈಮರಿನ ತಂತಿ ಬಿಚ್ಚಿಸಿದೆ.

ಮೊದಲ ರಾತ್ರಿ ಕೋಣೆ 5 ಡಿಗ್ರಿಗೆ ಇಳಿಯಿತು. ನನಗೆ ಬಹಳ ಹಿಗ್ಗಾಯಿತು. ಎರಡನೆಯ ದಿನ 7, ಮೂರನೆಯ ದಿನ 9, ಅಂದು ರಾತ್ರಿ 11. ಒಳಗೆ ಹೋಗಿ ನೋಡಿದರೆ ಕಾಯಿಲ್ ಕಾಣಿಸಲೇ ಇಲ್ಲ, ಅರಳೆಯ ಗಂಟಿನಂತೆ ಬಿಳಿ ಗೋಡೆ ನಿಂತಿತ್ತು. ಗಾಬರಿಯಲ್ಲಿ ಸ್ಕ್ರೂಡ್ರೈವರಿನಿಂದ ಕೆತ್ತಲು ಹೋದೆ. ಅಲ್ಲಿಯ ಹಿರಿಯ ಆಪರೇಟರು ನನ್ನ ಕೈ ಹಿಡಿದರು. ಒಂದು ತೂತು ಬಿದ್ದಿದ್ದರೆ ಗ್ಯಾಸೆಲ್ಲ ಹೋಗಿ ವಾರಗಟ್ಟಲೆ ಕೋಣೆ ಮುಚ್ಚಬೇಕಾಗುತ್ತಿತ್ತು. ಅವರು ಯಂತ್ರ ನಿಲ್ಲಿಸಿ, ಮಾಲು ಹೊರಗೆ ಸಾಗಿಸಿ, ನಲ್ಲಿಯ ನೀರು ಬಿಟ್ಟು ಹಿಮ ಕರಗಿಸಿದರು. ಐದು ತಾಸು ಹಿಡಿಯಿತು. ಮರುದಿನ ಮಧ್ಯಾಹ್ನದೊಳಗೆ ಏಜೆಂಟರು ಒಡೆದ ಹಾಲಿನ ಪ್ಯಾಕೆಟ್ಟುಗಳನ್ನು ಮರಳಿ ತಂದರು.

ಆ ಆಪರೇಟರು ಬೈಯಲಿಲ್ಲ. "ಸಾಹೇಬ್ರ, ಎತ್ತಿಗೆ ನೀರ ಕುಡಿಸಾಕ ಬಿಡದ ಗಳೇ ಹೊಡದ್ರ ಎಷ್ಟ ಎಕರೆ ಆಗತೈತ್ರಿ?" ಎಂದಷ್ಟೇ ಕೇಳಿದರು. ಮೊದಲು 7 ಡಿಗ್ರಿ ಇದ್ದದ್ದಕ್ಕೆ ಕಾರಣವೂ ಆಮೇಲೆ ತಿಳಿಯಿತು. ಬಾಗಿಲಿನ ರಬ್ಬರು ಹರಿದು ಬಿಸಿ ಗಾಳಿ ಒಳಗೆ ಬರುತ್ತಿತ್ತು. ಒಂದು ರಬ್ಬರು ಬದಲಿಸಿದರೆ ಮುಗಿಯುವ ಕೆಲಸಕ್ಕೆ ನಾನು ಯಂತ್ರದ ಬಿಡುವನ್ನು ಕಿತ್ತುಕೊಂಡಿದ್ದೆ. ಅಂದು ಚೆಲ್ಲಿದ ಹಾಲು ಯಾವ ಯಾವ ತಾಯಂದಿರು ನಸುಕಿನಲ್ಲಿ ಎದ್ದು ಕರೆದದ್ದೋ. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಬರ್ಫ ಬೇಕಾದ ಕಡೆಯೂ ಮಿತಿ ಇದೆ

ಕೆಲವು ಶೀತಲೀಕರಣ ಕೇಂದ್ರಗಳಲ್ಲಿ ಬೇಕೆಂದೇ ಬರ್ಫ ಕಟ್ಟಿಸುತ್ತೇವೆ. ನೀರಿನ ತೊಟ್ಟಿಯಲ್ಲಿ ಕೊಳವೆಗಳ ಸುತ್ತ ಬರ್ಫ ಬೆಳೆಸಿ, ಹಾಲು ಬಂದಾಗ ಆ ತಣ್ಣೀರನ್ನು ಹರಿಸಿ ಹಾಲು ತಂಪು ಮಾಡುವ ಪದ್ಧತಿ ಇದು. 1000 ಲೀಟರ್ ಹಾಲನ್ನು 35ರಿಂದ 4 ಡಿಗ್ರಿಗೆ ಇಳಿಸಲು ಸುಮಾರು 370 ಕಿಲೊ ಬರ್ಫ ಕರಗಬೇಕು. ಕರೆಂಟ್ ಇದ್ದಾಗ ಕೂಡಿಟ್ಟ ಬರ್ಫ, ಕಂಪ್ರೆಸರ್ ಓಡಿಸಲಾಗದ ಹೊತ್ತಿನಲ್ಲಿ ಕೈ ಹಿಡಿಯುತ್ತದೆ. ಕಣಜದಲ್ಲಿ ಜೋಳ ಇದ್ದ ಹಾಗೆ. ಆದರೆ ಅಲ್ಲಿಯೂ ದಪ್ಪ ನೋಡಿ ನಿಲ್ಲಿಸುವ ಸಾಧನ ಇದೆ. ಬರ್ಫ ಅತಿಯಾದರೆ ಕೊಳವೆಯಿಂದ ಕೊಳವೆಗೆ ಕೂಡಿಕೊಂಡು ನೀರು ಹರಿಯಲು ಸಂದು ಉಳಿಯುವುದಿಲ್ಲ.

ಬಲ್ಕ್ ಮಿಲ್ಕ್ ಕೂಲರಿನಲ್ಲಿ ಹಾಲು ನೇರವಾಗಿ ತಣ್ಣನೆಯ ತಳಕ್ಕೆ ತಾಗಿರುತ್ತದೆ. ಅಲ್ಲಿ ಹಿಮದ ಕೌದಿ ಇಲ್ಲ, ಆದರೆ ಹಾಲು ಕಲಕುವ ಪಂಕ ನಿಂತರೆ, ಇಲ್ಲವೆ ಹಾಲು ಪಂಕಕ್ಕೆ ಮುಟ್ಟದಷ್ಟು ಕಡಿಮೆ ಇದ್ದಾಗ ಯಂತ್ರ ಹಚ್ಚಿದರೆ, ತಳದ ಹಾಲೇ ಹೆಪ್ಪುಗಟ್ಟುತ್ತದೆ. ಹಾಗಾದ ಹಾಲಿನ ಕೊಬ್ಬು ಬೇರ್ಪಡುತ್ತದೆ, ಫ್ಯಾಟ್ ಪರೀಕ್ಷೆಯೂ ಸರಿಯಾಗಿ ಬರುವುದಿಲ್ಲ.

ಸದಸ್ಯರು ನೆನಪಿಡಬೇಕಾದದ್ದು

1. ಡಿಫ್ರಾಸ್ಟ್ ನಡೆದಾಗ ಯಂತ್ರವನ್ನು ಕೆಟ್ಟಿತೆಂದು ತಿಳಿದು ಮೇಲಿಂದ ಮೇಲೆ ಬಂದ್ ಮಾಡಿ ಚಾಲೂ ಮಾಡಬೇಡಿ. ಅರ್ಧ ತಾಸು ಕಾಯಿರಿ. ಆಮೇಲೂ ತಂಪು ಬಾರದಿದ್ದರೆ ತಂತ್ರಜ್ಞರಿಗೆ ತಿಳಿಸಿ.

2. ಮನೆಯ ಒಂದು ಬಾಗಿಲಿನ ಫ್ರಿಜ್ಜಿನಲ್ಲಿ ಹಿಮ ಕಾಲು ಇಂಚು ಆದರೆ ಕರಗಿಸಿ. ಬಹಳ ಫ್ರಿಜ್ಜುಗಳಲ್ಲಿ ತಿರುಗಣಿಯ ನಡುವೆ ಅದಕ್ಕೊಂದು ಗುಂಡಿ ಇರುತ್ತದೆ. ಚಾಕು, ಕುಡಗೋಲು, ಮೊಳೆ ಹಾಕಿ ಕೆತ್ತಬೇಡಿ.

3. ಬಿಸಿ ಪದಾರ್ಥ, ಮುಚ್ಚಳವಿಲ್ಲದ ಪಾತ್ರೆ ಫ್ರಿಜ್ಜಿನಲ್ಲಿ ಇಡಬೇಡಿ. ಅದರ ಆವಿಯೇ ಹಿಮವಾಗುತ್ತದೆ. ಬಾಗಿಲಿನ ರಬ್ಬರು ಹರಿದಿದ್ದರೆ ಬದಲಿಸಿ.

4. ಕಾಲುಬಾಯಿ ರೋಗದ ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹಿಮದ ಖಾನೆಯಲ್ಲಿ ಇಡಬಾರದು, ಹೆಪ್ಪುಗಟ್ಟಿದರೆ ಲಸಿಕೆ ಕೆಡುತ್ತದೆ.

5. ಕೃತಕ ಗರ್ಭಧಾರಣೆಯವರ ನೈಟ್ರೋಜನ್ ಜಾಡಿಯೊಳಗೆ ಮೈನಸ್ 196 ಡಿಗ್ರಿ ಇರುತ್ತದೆ, ಆದರೂ ಜಾಡಿಯ ಹೊರಮೈ ಒಣಗಿರಬೇಕು. ಹೊರಗೆ ಹಿಮ ಕಟ್ಟಿದರೆ ಅದರ ಗೋಡೆಯ ನಡುವಿನ ನಿರ್ವಾತ ಹೋಗಿದೆ ಎಂದು ಅರ್ಥ. ಕೂಡಲೆ ಅವರ ಗಮನಕ್ಕೆ ತನ್ನಿ, ಒಳಗಿನ ವೀರ್ಯನಳಿಕೆಗಳು ಹಾಳಾಗುತ್ತವೆ.

ಬಂಧುಗಳೆ, ಯಂತ್ರ ಎಷ್ಟೇ ಜಾಣತನ ತೋರಿದರೂ ಬಿಸಿ ಹಾಲನ್ನು ತಡವಾಗಿ ತಂದರೆ ಅದು ಏನೂ ಮಾಡಲಾರದು. ಕೆಟ್ಟ ಹಾಲನ್ನು ತಂಪು ಮಾಡಬಹುದು, ಒಳ್ಳೆಯದು ಮಾಡಲಾಗದು. ಸ್ವಚ್ಛ ಕೈ, ಸ್ವಚ್ಛ ಪಾತ್ರೆ, ಹೊತ್ತಿಗೆ ಸರಿಯಾಗಿ ಸಂಘಕ್ಕೆ ಬರುವುದು ನಿಮ್ಮ ಪಾಲಿನ ಕೆಲಸ. ಯಂತ್ರಕ್ಕೆ ಸಲ್ಲಬೇಕಾದ ಬಿಡುವನ್ನು ಕೊಟ್ಟು ಅದನ್ನು ಸರಿಯಾಗಿ ನಡೆಸುವುದು ನಮ್ಮ ಪಾಲಿನದು. ಅಂದು ಶೀತಲ ಕೋಣೆಯ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದ ಹಿರಿಯರ ಹಾಗೆ ನೀವೆಲ್ಲರೂ ಕೇಳುತ್ತಿರಬೇಕು. ಅದು ನಿಮ್ಮ ಹಾಲು, ನಿಮ್ಮ ಯಂತ್ರ.